ವಾರಿಜಾಕ್ಷಿಯ ಹಿಮ್ಮಡಿ ಮತ್ತು ನಲವತ್ತೊಂದು ಬಗೆಯ ಪಟ್ಟಿ

ಒಂದು ಗಾಯಕ್ಕೆ ಕಟ್ಟುವ ಪಟ್ಟಿಯಲ್ಲಿ ನಲವತ್ತೊಂದು ಬಗೆಗಳಿರುತ್ತವೆ ಎಂಬ ಸಂಗತಿಯನ್ನು ಶಾಂತಾರಾಮರು ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, 2025ರ ಮಾರ್ಚ್ 20ರ ಗುರುವಾರ ಸಂಜೆ ಐದೂಮುಕ್ಕಾಲಿಗೆ, ವಾಷಿಂಗ್ಟನ್ನಿನ ಹತ್ತಿರದ ಎಲಿಕಾಟ್ ಸಿಟಿಯ ಒಂದು ಔಷಧದಂಗಡಿಯಲ್ಲಿ ನಿಂತು ತಿಳಿದುಕೊಂಡರು. (ಮಗಳು ಶ್ರದ್ಧಾ “ಒಂದು ಮೂವತ್ತು ಇರಬಹುದು ಅಪ್ಪ” ಎಂದಳು. ಅವರು ಎರಡು ಸಲ ಎಣಿಸಿದರು. ನಲವತ್ತೊಂದೇ.) ತಿಳಿದುಕೊಂಡದ್ದಷ್ಟೇ ಅಲ್ಲ, ತಮಗೆ ಯಾರೋ ಬೇಕೆಂದೇ ಅವಮಾನ ಮಾಡಿದ್ದಾರೆಂಬಂತೆ ಆ ಕಪಾಟಿನ ಮುಂದೆ ಕೈಕಟ್ಟಿ ನಿಂತರು.

ಅವರ ಸಿಟ್ಟಿಗೆ ಆಧಾರವಿತ್ತು. ಶಾಂತಾರಾಮರು ಕರಾವಳಿಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಉಗ್ರಾಣಪಾಲಕರಾಗಿದ್ದು ನಿವೃತ್ತರಾದವರು. ಆ ಉಗ್ರಾಣದಲ್ಲಿ ಗಾಯಕ್ಕೆ ಕಟ್ಟುವ ಜಾಳುಬಟ್ಟೆಯಾದ ಗಾಜ್ ಎಂದರೆ ಒಂದೇ ಗಾಜ್. ಹದಿನೆಂಟು ಮೀಟರಿನ ಥಾನಾಗಿ ಬರುತ್ತಿತ್ತು. ಶಾಂತಾರಾಮರು ಅದನ್ನು ಬೆಳಕಿಗೆ ಹಿಡಿದು, ಅಂಗುಲಕ್ಕೆ ಎಷ್ಟು ಎಳೆ ಎಂದು ಭೂತಗನ್ನಡಿಯಲ್ಲಿ ಎಣಿಸಿ, ಎರಡೆಳೆ ಕಡಿಮೆಯಾದರೂ ಸರಬರಾಜುದಾರನಿಗೆ ವಾಪಸು ಕಳಿಸುತ್ತಿದ್ದರು. ತಲೆ ಒಡೆದವನಿಗೂ ಅದೇ ಬಟ್ಟೆ, ತೆಂಗಿನ ಮರದಿಂದ ಬಿದ್ದವನಿಗೂ ಅದೇ ಬಟ್ಟೆ, ಮೀನು ಕೊಯ್ಯುವಾಗ ಬೆರಳು ಕೊಯ್ದುಕೊಂಡವಳಿಗೂ ಅದೇ ಬಟ್ಟೆ. ಎಲ್ಲರೂ ಗುಣವಾಗಿ ಮನೆಗೆ ಹೋದರು. (ಹೋಗದಿದ್ದವರು ಬೇರೆ ಕಾರಣಗಳಿಂದ ಹೋಗಲಿಲ್ಲ, ಅದಕ್ಕೂ ಉಗ್ರಾಣಕ್ಕೂ ಸಂಬಂಧವಿಲ್ಲ.)

“ಅಂಟದ ಗಾಜ್ ಅಂತೆ,” ಎಂದು ಒಂದು ಪೆಟ್ಟಿಗೆಯನ್ನು ಕನ್ನಡಕದ ಹತ್ತಿರಕ್ಕೆ ತಂದು ಅವರು ಓದಿದರು. “ಗಾಯಕ್ಕೆ ಅಂಟುವುದೇ ಇಲ್ಲ ಎಂದ ಮೇಲೆ ಅದನ್ನು ಕಟ್ಟುವುದು ಎಂತಕ್ಕೆ?”

“ಅದೇ ಒಳ್ಳೇದು ಅಪ್ಪ. ತೆಗೆಯುವಾಗ ನೋವಾಗುದಿಲ್ಲ.”

“ತೆಗೆಯುವಾಗ ನೋವಾಗದಿದ್ದರೆ ಗಾಯ ಉಂಟು ಎಂದು ರೋಗಿಗೆ ಗೊತ್ತಾಗುವುದು ಹೇಗೆ?”

ಶ್ರದ್ಧಾ ಗಡಿಯಾರ ನೋಡಿದಳು. ಅವಳ ಕೈಯಲ್ಲಿ ಆಗಲೇ ಒಂದು ಚಿಕ್ಕ ಪೆಟ್ಟಿಗೆಯಿತ್ತು. ಅದರೊಳಗೆ ಹೈಡ್ರೋಕೊಲಾಯ್ಡ್ ಎಂಬ ಹೆಸರಿನ, ಹಪ್ಪಳದ ತುಂಡಿನಂಥ, ಅರೆಪಾರದರ್ಶಕವಾದ ರಬ್ಬರು ಪಟ್ಟಿಗಳಿದ್ದವು. ಹಿಮ್ಮಡಿಯ ಬೊಕ್ಕೆಗೆಂದೇ ಮಾಡಿದ್ದು ಎಂದು ಪೆಟ್ಟಿಗೆಯ ಮೇಲೆ ಪಾದದ ಚಿತ್ರವೂ ಇತ್ತು. ಶಾಂತಾರಾಮರು ಅದನ್ನು ತಿರುಗಿಸಿ ನೋಡಿದರು. ಎಳೆಯಿಲ್ಲ, ನೇಯ್ಗೆಯಿಲ್ಲ, ಗಾಳಿಯಾಡುವ ಕಿಂಡಿಯಿಲ್ಲ. ಅವರ ಪ್ರಕಾರ ಅದು ಸೈಕಲ್ ಟ್ಯೂಬಿಗೆ ಹಾಕುವ ಪಂಕ್ಚರ್ ಪಟ್ಟಿ. ಕಡೆಗೆ ಅಪ್ಪನ ಗಾಜ್ ಬಟ್ಟೆ, ಮಗಳ ರಬ್ಬರು ಎರಡೂ ಒಂದೇ ಚೀಲದಲ್ಲಿ ಮನೆಗೆ ಬಂದವು.

ಗಾಯ ಯಾರದೆಂದು ಇನ್ನೂ ಹೇಳಲಿಲ್ಲ. ಅದು ಅವರ ಧರ್ಮಪತ್ನಿ ವಾರಿಜಾಕ್ಷಿಯವರ ಬಲಗಾಲಿನ ಹಿಮ್ಮಡಿಯದು.

ದಂಪತಿಗಳು ಮಗಳ ಮನೆಗೆ ಬಂದದ್ದು ಹಿಂದಿನ ವರ್ಷದ ಅಕ್ಟೋಬರ್ 9ರಂದು. ಮರಳಿ ಹೊರಡುವ ವಿಮಾನ ಏಪ್ರಿಲ್ 2ರ ಬುಧವಾರ. ನಡುವಿನ ತಿಂಗಳುಗಳಲ್ಲಿ ವಾರಿಜಾಕ್ಷಿಯವರು ಕಂಡದ್ದು ಎಲೆಯುದುರಿದ ಮರ, ಹಿಮ, ಉಪ್ಪೆರಚಿದ ರಸ್ತೆ, ಮತ್ತೆ ಎಲೆಯಿಲ್ಲದ ಮರ. “ಇಲ್ಲಿಯ ಮರಗಳಿಗೆಲ್ಲ ಸೂತಕ” ಎಂದು ಅವರು ಜನವರಿಯಲ್ಲೇ ಹೇಳಿದ್ದರು. ಅವರು ಕೇಳಿದ್ದು ಒಂದೇ. ವಾಷಿಂಗ್ಟನ್ನಿನ ಟೈಡಲ್ ಬೇಸಿನ್ ಎಂಬ ಕೊಳದ ಸುತ್ತ ಚೆರ್ರಿ ಮರಗಳು ಮೈತುಂಬ ಹೂವಾಗುವುದನ್ನು ನೋಡಿ, ಆ ಕೊಳಕ್ಕೊಂದು ಪ್ರದಕ್ಷಿಣೆ ಹಾಕಿ, ಅನಂತರ ಊರಿಗೆ ಹೋಗಬೇಕು. ಹೂವು ನಾಲ್ಕಾರು ದಿನವಷ್ಟೇ ನಿಲ್ಲುತ್ತದೆ. ಆ ವರ್ಷ ಮಾರ್ಚ್ ಕೊನೆಯಲ್ಲಿ ಅರಳುವುದೆಂದು ಉದ್ಯಾನದವರು ಮೊದಲೇ ಸಾರಿದ್ದರು. 29ರ ಶನಿವಾರ ನಿಗದಿಯಾಯಿತು. ಅದೇ ಬಡಾವಣೆಯ ಮಕ್ಕಳ ಮನೆಗಳಿಗೆ ಬಂದಿದ್ದ ಇನ್ನೂ ಐದು ಮಂದಿ ತಾಯಂದಿರು ಸೇರಿಕೊಂಡರು. ದಾವಣಗೆರೆಯ ಸಿದ್ದೇಶ್ವರಿಯವರ ನಾಯಕತ್ವದಲ್ಲಿ ಆರೂ ಜನ ಗುಲಾಬಿ ಸೀರೆಯನ್ನೇ ಉಡುವುದೆಂದು ತೀರ್ಮಾನವಾಯಿತು.

ಕೊಳದ ಸುತ್ತಳತೆ ಎರಡು ಮೈಲಿಗಿಂತ ತುಸು ಹೆಚ್ಚು. ಅದಕ್ಕಾಗಿ ವಾರಿಜಾಕ್ಷಿಯವರು ಹೊಸ ಶೂ ತೆಗೆದುಕೊಂಡು ಬಡಾವಣೆಯಲ್ಲಿ ನಡೆದು ಅಭ್ಯಾಸ ಮಾಡಿದರು. ಸಾಕ್ಸ್ ಹಾಕಲಿಲ್ಲ, ಸೀರೆಗೆ ಚಂದ ಕಾಣುವುದಿಲ್ಲವೆಂದು. 19ರ ಬುಧವಾರದ ಸಂಜೆ ಶೂ ಬಿಚ್ಚಿದಾಗ ಹಿಮ್ಮಡಿಯ ಬೊಕ್ಕೆ ಒಡೆದು, ಒಂದು ರೂಪಾಯಿ ನಾಣ್ಯದಷ್ಟು ಚರ್ಮ ಸುಲಿದು ಹೋಗಿತ್ತು. ಕೈಯಲ್ಲಿ ಹತ್ತು ದಿನವಿತ್ತು. ಅಷ್ಟರೊಳಗೆ ಗಾಯ ಮುಚ್ಚಿದರೆ ಪ್ರದಕ್ಷಿಣೆ, ಇಲ್ಲವಾದರೆ ಇಲ್ಲ.

ಗುರುವಾರ ಸಂಜೆಯೇ ತೀರ್ಪು ನೀಡಲು ಪಕ್ಕದ ಮನೆಯ ಹರಿಣಿಯನ್ನು ಕರೆಸಲಾಯಿತು. ಆಕೆ ಬೆಂಗಳೂರಿನ ಹುಡುಗಿ, ಇಲ್ಲಿ ಗಾಯಗಳ ಚಿಕಿತ್ಸಾಲಯವೊಂದರಲ್ಲಿ ನರ್ಸ್. ಆಕೆ ಗಾಯವನ್ನು ನೋಡಿ, ತೊಳೆದು, ಒರೆಸಿ, ಶಾಂತಾರಾಮರ ಗಾಜ್ ಬಟ್ಟೆಯನ್ನು ಮೇಜಿನ ಮೇಲೇ ಬಿಟ್ಟು, ರಬ್ಬರು ಪಟ್ಟಿಯನ್ನು ಎತ್ತಿಕೊಂಡಳು.

“ಗಾಳಿ ಬೇಡವೇನಮ್ಮ?” ಎಂದರು ಶಾಂತಾರಾಮರು.

“ಬೇಡ ಅಂಕಲ್. ಗಾಯ ಒಣಗಿದ್ರೆ ಹೊಸ ಚರ್ಮ ಬರೋದು ನಿಧಾನ ಆಗತ್ತೆ. ಸ್ವಲ್ಪ ತೇವ ಇದ್ರೇನೆ ಬೇಗ ಮುಚ್ಚೋದು.”

ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಶಾಂತಾರಾಮರು ತೇವವನ್ನು ವಿರೋಧಿಸಿದವರು. ಉಗ್ರಾಣದಲ್ಲಿ ತೇವ ಎಂದರೆ ಮೇಲಧಿಕಾರಿಯ ಮೆಮೋ. ಆದರೂ ಮಗಳ ಮುಖ ನೋಡಿ ಸುಮ್ಮನಾದರು. ಸುಮ್ಮನಾದರೂ ಸುಮ್ಮನೆ ಕೂರಲಿಲ್ಲ. ದಿನಚರಿ ಪುಸ್ತಕ ತೆಗೆದು ಚಿಕಿತ್ಸೆಯ ವಿವರಗಳನ್ನು ಸಾಂಗೋಪಾಂಗವಾಗಿ ದಾಖಲಿಸತೊಡಗಿದರು. ದಿನಾಂಕ, ವೇಳೆ, ಪಟ್ಟಿಯ ಉದ್ದಗಲ, ತಯಾರಿಕೆಯ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು. ಬ್ಯಾಚ್ ಸಂಖ್ಯೆ ಹನ್ನೊಂದು ಅಂಕಿಗಳದು, ಅಕ್ಷರಗಳು ಇರುವೆಯಷ್ಟು. ಅದನ್ನು ಬೆಳಕಿಗೆ ಹಿಡಿದು ಮೂರನೆಯ ಸಲ ತಾಳೆ ನೋಡುತ್ತಿದ್ದಾಗ ಹರಿಣಿ ಹಿಂದುಗಡೆ ಏನೋ ಹೇಳುತ್ತಿದ್ದಳು. ಅವರು “ಹಾಂ, ಹಾಂ” ಎಂದರು.

ಶುಕ್ರವಾರ, ಶನಿವಾರ ವಾರಿಜಾಕ್ಷಿಯವರು ಮೆತ್ತನೆಯ ಚಪ್ಪಲಿ ಹಾಕಿ ಮನೆಯೆಲ್ಲ ಓಡಾಡಿದರು. ನೋವಿಲ್ಲ ಎಂದರು. ಭಾನುವಾರ ಪಟ್ಟಿಯ ನಡುವೆ ಒಂದು ಉಬ್ಬು ಕಾಣಿಸಿತು. ಸೋಮವಾರ ಅದು ದೊಡ್ಡದಾಯಿತು. ಆ ದಿನ ಮಧ್ಯಾಹ್ನ ಎರಡೂಕಾಲಿಗೆ, ಶ್ರದ್ಧಾಳೂ ಅಳಿಯ ಪ್ರತೀಕನೂ ಕೆಲಸಕ್ಕೆ ಹೋಗಿದ್ದಾಗ, ಸೋಫಾದ ಮೇಲೆ ಕಾಲು ಚಾಚಿದ್ದ ಹೆಂಡತಿಯ ಹಿಮ್ಮಡಿಯ ಬಳಿ ಶಾಂತಾರಾಮರು ಟಾರ್ಚ್ ಹಿಡಿದು ಕುಳಿತರು.

“ವಾರಿಜಾ, ಇದರೊಳಗೆ ಕೀವು ಉಂಟು.”

“ಕೀವಾ? ನೋಯುವುದೇ ಇಲ್ಲ ನನಗೆ.”

“ನೋವಿಲ್ಲ ಎಂದರೆ ಇನ್ನೂ ಅಪಾಯ. ಒಳಗೊಳಗೇ ಹೋಗುತ್ತಿದೆ ಎಂದು ಅರ್ಥ.” ಅವರು ಮೂಗು ಹತ್ತಿರ ತಂದರು. “ವಾಸನೆ ಕೂಡ ಉಂಟು.”

“ನಾಲ್ಕು ದಿನದಿಂದ ಕಟ್ಟಿದ ಕಾಲು ಮಾರಾಯ್ರೆ. ಮಲ್ಲಿಗೆಯ ವಾಸನೆ ಬರ್ತದಾ? ಆ ಹುಡುಗಿ ಹೇಳಿದ್ಲಲ್ಲ, ಬೆಳ್ಳಗೆ ಆಗ್ತದೆ, ಎಂತ ಮಾಡುದು ಬೇಡ ಅಂತ.”

“ಬೆಳ್ಳಗೆ ಎಂದಳಾ?”

“ಹೌದು.”

“ಇದು ಹಳದಿ,” ಎಂದರು ಶಾಂತಾರಾಮರು. ಮೊಕದ್ದಮೆ ಗೆದ್ದವರ ನೆಮ್ಮದಿ ಆ ಧ್ವನಿಯಲ್ಲಿತ್ತು. “ಬಿಳಿಗೂ ಹಳದಿಗೂ ವ್ಯತ್ಯಾಸ ಉಂಟು. ಆಕೆ ಹೇಳಿದ್ದು ಬಿಳಿಯ ವಿಷಯ. ಹಳದಿಯ ವಿಷಯದಲ್ಲಿ ನಾವೇ ಕ್ರಮ ತೆಗೆದುಕೊಳ್ಳಬೇಕು.”

“ಒಂದು ಫೋನ್ ಮಾಡಿ ಅವಳಿಗೆ.”

“ಕರ್ತವ್ಯದಲ್ಲಿರುವವರನ್ನು ಮನೆಯ ಕೆಲಸಕ್ಕೆ ಫೋನ್ ಮಾಡಿ ಕರೆಯಬಾರದು. ನಾನು ಕೆಲಸದಲ್ಲಿದ್ದಾಗ ನೀನು ಎಷ್ಟು ಸಲ ಮಾಡಿದ್ದೆ?”

“ಒಮ್ಮೆ. ಹೆರಿಗೆ ನೋವು ಬಂದಾಗ.”

“ಆಗಲೂ ನಾನು ಐದೂವರೆಯ ನಂತರವೇ ಬಂದೆ,” ಎಂದರು ಶಾಂತಾರಾಮರು. ಅದು ತಮ್ಮ ಪರವಾದ ಸಾಕ್ಷ್ಯವೆಂದು ಅವರು ತಿಳಿದಿದ್ದರು.

ವಾರಿಜಾಕ್ಷಿಯವರು ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. “ನೀವು ಅಲ್ಲಿ ಬಟ್ಟೆ ಅಳೆದದ್ದು. ಗಾಯ ನೋಡಿದ್ದು ಯಾವಾಗ? ರಕ್ತ ಕಂಡರೆ ಉಗ್ರಾಣದ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ ಅಂತ ಕಂಪೌಂಡರ ಹೆಂಡತಿಯೇ ಹೇಳಿದ್ದಾಳೆ.”

“ಬೇಡ ಬಿಡು. ಕೀವು ಏರಿ ಜ್ವರ ಬಂದು ಶನಿವಾರ ಮಲಗಿದರೆ ನನ್ನನ್ನು ಕೇಳಬಾರದು. ವಿಮಾನಕ್ಕೂ ಹತ್ತಿಸುವುದಿಲ್ಲ. ನಿನ್ನ ಒಳ್ಳೆಯದಕ್ಕೆ ಹೇಳಿದೆ.”

ಶನಿವಾರ ಎಂಬ ಮಾತು ನಾಟಿತು. ವಾರಿಜಾಕ್ಷಿಯವರು ಸ್ವಲ್ಪ ಹೊತ್ತು ಹಿಮ್ಮಡಿಯನ್ನೂ ಗಂಡನನ್ನೂ ಸರದಿಯಂತೆ ನೋಡಿ, ಕಾಲನ್ನು ಮತ್ತೆ ಹೊರಗೆ ಚಾಚಿದರು. ಐವತ್ತು ವರ್ಷದ ದಾಂಪತ್ಯದಲ್ಲಿ ಅವರು ಗಂಡನ ಮಾತನ್ನು ಪೂರ್ತಿಯಾಗಿ ನಂಬಿದ್ದು ಬೆರಳೆಣಿಕೆಯ ಸಲ. ಅದರಲ್ಲಿ ಇದೂ ಒಂದು. ಶಾಂತಾರಾಮರು ಮುಂದೆ ಎಷ್ಟೋ ದಿನ ಮೆಲುಕು ಹಾಕಿದ್ದು ಆ ಚಾಚಿದ ಕಾಲನ್ನೇ.

ನಿಧಾನವಾಗಿ ತೆಗೆದರೆ ನೋವು ಹೆಚ್ಚು, ಒಮ್ಮೆಲೇ ಎಳೆದರೆ ಕಡಿಮೆ ಎಂದು ಆಸ್ಪತ್ರೆಯ ಕಂಪೌಂಡರ್ ಈರಣ್ಣ ಹೇಳುತ್ತಿದ್ದುದು ಅವರಿಗೆ ನೆನಪಿತ್ತು. (ಈರಣ್ಣನ ರೋಗಿಗಳು ಏನು ಹೇಳುತ್ತಿದ್ದರೆಂಬುದಕ್ಕೆ ದಾಖಲೆಯಿಲ್ಲ.) ಅವರು ಪಟ್ಟಿಯ ಅಂಚನ್ನು ಹಿಡಿದು ಒಮ್ಮೆಲೇ ಎಳೆದರು.

ವಾರಿಜಾಕ್ಷಿಯವರು ಕೂಗಲಿಲ್ಲ. ಸೋಫಾದ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, “ಆಯ್ತಾ?” ಎಂದು ಮಾತ್ರ ಕೇಳಿದರು.

ಆಗಿತ್ತು. ಪಟ್ಟಿಯ ಜೊತೆಯಲ್ಲಿ ಈರುಳ್ಳಿಯ ಒಳಪೊರೆಯಂಥ ಒಂದು ತೆಳುಪದರವೂ ಬಂದಿತ್ತು. ಹಿಮ್ಮಡಿಯಲ್ಲಿ ರಕ್ತ ಜಿನುಗಿತು. ಶಾಂತಾರಾಮರಿಗೆ ಒಂದು ಕ್ಷಣ ಉಗ್ರಾಣದ ಬಾಗಿಲು ಬೇಕೆನಿಸಿತು. ಆದರೂ ಧೈರ್ಯ ತಂದುಕೊಂಡು ತಮ್ಮ ಗಾಜ್ ಬಟ್ಟೆಯನ್ನು ಬಿಚ್ಚಿದರು. ಎಂಟು ಮಡಿಕೆ ಮಾಡಿ, ಒಣಬಟ್ಟೆಯನ್ನು ಗಾಯಕ್ಕೊತ್ತಿ, ಅದರ ಮೇಲೆ ಸುರುಳಿಪಟ್ಟಿಯನ್ನು ಒಂಬತ್ತು ಸುತ್ತು ಸುತ್ತಿದರು. ಎಲ್ಲ ಮುಗಿದಾಗ ವಾರಿಜಾಕ್ಷಿಯವರ ಪಾದಾರವಿಂದವು ಸುಲಿಯದ ತೆಂಗಿನಕಾಯಿಯ ಗಾತ್ರಕ್ಕೆ ಬಂದಿತ್ತು.

“ಕಟ್ಟು ಎಂದರೆ ಇದು,” ಎಂದರು ಶಾಂತಾರಾಮರು.

“ಇದು ಶೂ ಒಳಗೆ ಹೋಗ್ತದಾ?” ಎಂದರು ವಾರಿಜಾಕ್ಷಿ.

ಮರುದಿನ ಬೆಳಿಗ್ಗೆ ಕಟ್ಟು ಬದಲಿಸುವ ವೇಳೆಗೆ ಗಾಜ್ ಬಟ್ಟೆ ತನ್ನ ಧರ್ಮವನ್ನು ಪಾಲಿಸಿತ್ತು. ಅಂದರೆ, ಗಾಯಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಬೇಕೆಂದು ಶ್ರದ್ಧಾ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಶಾಂತಾರಾಮರು ಈರಣ್ಣನನ್ನು ಎರಡನೆಯ ಸಲ ಸ್ಮರಿಸಿ ಎಳೆದಾಗಿತ್ತು. ಈ ಸಲ ವಾರಿಜಾಕ್ಷಿಯವರು “ಆಯ್ತಾ” ಎಂದೂ ಕೇಳಲಿಲ್ಲ.

ಮಂಗಳವಾರ ಸಂಜೆ ಹರಿಣಿ ಬಂದು ನೆಲದ ಮೇಲೆ ಮಂಡಿಯೂರಿ ಕುಳಿತು ಹಿಮ್ಮಡಿಯನ್ನು ನೋಡಿದಳು.

“ಅಂಕಲ್, ಅದು ಕೀವಲ್ಲ. ಗಾಯದಿಂದ ಬರೋ ನೀರನ್ನ ಆ ಪಟ್ಟಿ ಹೀರ್ಕೊಂಡು ಲೋಳೆ ಥರ ಆಗತ್ತೆ. ಅದಕ್ಕೇನೆ ಅದನ್ನ ಹಾಕೋದು. ಒಳಗಡೆ ಹೊಸ ಚರ್ಮ ಬರ್ತಾ ಇತ್ತು. ಇನ್ನೊಂದು ಎರಡು ದಿನ ಬಿಟ್ಟಿದ್ರೆ ತಾನಾಗೇ ಕಳಚ್ಕೊಳ್ತಿತ್ತು.”

“ನೀನು ಹೇಳಿದ್ದು ಬಿಳಿ,” ಎಂದರು ಶಾಂತಾರಾಮರು. ಧ್ವನಿ ಅವರಿಗೇ ಸಣ್ಣದಾಗಿ ಕೇಳಿಸಿತು.

“ಬಿಳಿ ಇಲ್ಲಾ ಹಳದಿ ಅಂದೆ ಅಂಕಲ್. ವಾಸನೆ ಬರತ್ತೆ, ಹೆದರ್ಬೇಡಿ, ಕೀಳ್ಬೇಡಿ ಅಂದೆ. ಸುತ್ತ ಕೆಂಪಾದ್ರೆ, ನೋವು ಜಾಸ್ತಿಯಾದ್ರೆ ಮಾತ್ರ ಹೇಳಿ ಅಂದೆ. ನೀವು ಬರ್ಕೊಳ್ತಾ ಇದ್ರಲ್ಲ, ಅದಕ್ಕೆ ನಾನು ನಿಧಾನಕ್ಕೆ ಹೇಳಿದ್ದು.”

ಶಾಂತಾರಾಮರು ದಿನಚರಿ ತೆಗೆದು ನೋಡಿದರು. ದಿನಾಂಕವಿತ್ತು. ವೇಳೆಯಿತ್ತು. ಹನ್ನೊಂದು ಅಂಕಿಗಳೂ ಇದ್ದವು, ಒಂದೂ ತಪ್ಪಿರಲಿಲ್ಲ. ಅದರ ಕೆಳಗೆ ಅರ್ಧ ಪುಟ ಖಾಲಿ ಇತ್ತು.

“ಹಾಗಾದರೆ ಶನಿವಾರ?” ಎಂದು ವಾರಿಜಾಕ್ಷಿಯವರು ಕೇಳಿದರು. ಕೇಳಿದ್ದು ಹರಿಣಿಯನ್ನು.

“ಕಷ್ಟ ಆಂಟಿ. ಈಗ ಮೊದಲಿಗಿಂತ ದೊಡ್ಡದಾಗಿದೆ. ಇನ್ನೊಂದು ವಾರ ಶೂ ಹಾಕೋ ಹಾಗಿಲ್ಲ. ಅಷ್ಟು ದೂರ ನಡೆಯೋದಂತೂ ಬೇಡವೇ ಬೇಡ.”

ಆ ರಾತ್ರಿ ಊಟದಲ್ಲಿ ಪ್ರತೀಕನು ಮಾವನ ಕಡೆಗೂ ಅತ್ತೆಯ ಕಡೆಗೂ ಒಂದೊಂದು ಸಲ ಚಟ್ನಿಯ ಬಟ್ಟಲನ್ನು ಸರಿಸಿದ. ನಂತರ ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ ಎಂದ.

“ಬೇಡ ಪ್ರತೀಕ್. ಐದು ಜನ ಕಾಲಲ್ಲಿ ನಡೀವಾಗ ನಾನೊಬ್ಬಳು ಉತ್ಸವಮೂರ್ತಿಯ ಹಾಗೆ ಹೋಗುದಾ? ವಿಮಾನ ನಿಲ್ದಾಣದಲ್ಲಿ ಕೂತದ್ದೇ ಸಾಕು.”

“ಅಮ್ಮ, ವೀಡಿಯೋ ಕಾಲ್ ಮಾಡಿ ತೋರಿಸ್ತಾರೆ,” ಎಂದಳು ಶ್ರದ್ಧಾ.

“ಐದೂವರೆ ತಿಂಗಳು ಎಲ್ಲ ಫೋನಲ್ಲೇ ನೋಡಿದ್ದು. ಇದೂ ಫೋನಲ್ಲೇ ನೋಡುದಾದ್ರೆ ಮಂಗಳೂರಲ್ಲೇ ಕೂತು ನೋಡ್ಬಹುದಿತ್ತು.”

ಶಾಂತಾರಾಮರು ತಮ್ಮ ಸೇವಾವಧಿಯಲ್ಲಿ ಒಂದೇ ಒಂದು ಸಲವೂ ಕ್ಷಮೆ ಕೇಳಿದವರಲ್ಲ, ಕೇಳುವ ಸಂದರ್ಭ ಬಂದಿರಲಿಲ್ಲವೆಂದು ಅವರ ನಂಬಿಕೆ. ಬುಧವಾರ ಬೆಳಿಗ್ಗೆ ಅವರು ಹೆಂಡತಿಗೆ ಕಾಫಿ ತಂದುಕೊಟ್ಟು, ಪಕ್ಕದಲ್ಲಿ ನಿಂತು, “ನನ್ನ ಕಡೆಯಿಂದ ಸ್ವಲ್ಪ ಅವಸರವಾಯಿತು” ಎಂದರು. ಕಡತದ ಭಾಷೆಯಲ್ಲಿ ಅದಕ್ಕಿಂತ ಕೆಳಗೆ ಇಳಿಯಲು ಅವರಿಗೆ ದಾರಿ ಗೊತ್ತಿರಲಿಲ್ಲ.

ವಾರಿಜಾಕ್ಷಿಯವರು ಕಾಫಿ ಕುಡಿದರು. “ನೀವು ಹೋಗಿ,” ಎಂದರು.

“ಎಲ್ಲಿಗೆ?”

“ಶನಿವಾರ. ನನ್ನ ಬದಲಿಗೆ ನೀವು ಹೋಗಿ, ನೋಡಿ, ಬಂದು ಹೇಳಿ.”

“ಐದು ಮಂದಿ ಹೆಂಗಸರ ಜೊತೆಯಲ್ಲಿ ನಾನೊಬ್ಬನೇ?”

“ಸೀರೆ ಉಡಬೇಕೆಂದೇನೂ ಇಲ್ಲ,” ಎಂದರು ವಾರಿಜಾಕ್ಷಿ.

ಶನಿವಾರ ಮುಂಜಾನೆ ವಾರಿಜಾಕ್ಷಿಯವರ ಇಸ್ತ್ರಿ ಮಾಡಿದ ಗುಲಾಬಿ ಸೀರೆ ಕೋಣೆಯ ಬಾಗಿಲಿನಲ್ಲಿ ನೇತಾಡುತ್ತಿತ್ತು, ಶಾಂತಾರಾಮರು ಅದರ ಕಡೆ ನೋಡದೆ ಹೊರಟರು. ಶ್ರದ್ಧಾ ತಾಯಿಯ ಜೊತೆ ಮನೆಯಲ್ಲಿ ಉಳಿದಳು. ಪ್ರತೀಕ ಎಲ್ಲರನ್ನೂ ವ್ಯಾನಿನಲ್ಲಿ ಗ್ರೀನ್‌ಬೆಲ್ಟ್‌ ಎಂಬ ನಿಲ್ದಾಣದವರೆಗೆ ಕರೆದೊಯ್ದು, ಅಲ್ಲಿಂದ ಮೆಟ್ರೋ ಹತ್ತಿಸಿದ. ಮೆಟ್ರೋ ಇಳಿದ ಕ್ಷಣದಿಂದ ಸಿದ್ದೇಶ್ವರಿಯವರು ಆಡಳಿತವನ್ನು ವಹಿಸಿಕೊಂಡರು.

“ಶಾಂತಾರಾಮ್ ಅವ್ರೇ, ಈ ಬ್ಯಾಗ್ ಹಿಡ್ಕೊಳ್ರಿ. ಇದ್ರಾಗ ಚಿತ್ರಾನ್ನ ಐತಿ, ಅಡ್ಡ ಮಾಡ್ಬ್ಯಾಡ್ರಿ. ಇದು ಫೋನು, ಫೋಟೋ ನೀವೇ ತೆಗೀಬೇಕು. ವಾರಿಜಕ್ಕನ ಕಾಲು ಹಿಂಗ್ಯಾಕ ಆತು ಅಂತ ನಾವೇನ್ ಕೇಳಂಗಿಲ್ಲ.”

ಕೇಳುವುದಿಲ್ಲವೆಂದು ಅವರು ಕೊಳದ ಸುತ್ತ ನಾಲ್ಕು ಸಲ ಹೇಳಿದರು. ಶಾಂತಾರಾಮರು ಚೀಲ ಹೊತ್ತು, ಫೋಟೋ ತೆಗೆದು, ಗುಲಾಬಿ ಸೆರಗುಗಳನ್ನು ಎಣಿಸಿ, ಯಾರೂ ಜನಸಂದಣಿಯಲ್ಲಿ ಕಳೆದುಹೋಗದಂತೆ ಕಾದರು. ಎಣಿಸಿದಾಗಲೆಲ್ಲ ಐದೇ ಸಿಗುತ್ತಿದ್ದವು. ಅದು ಸರಿಯಾದ ಲೆಕ್ಕವೇ ಆದರೂ ಪ್ರತಿಸಲ ಒಂದು ಕಡಿಮೆಯೆಂದು ಅವರಿಗೆ ಅನಿಸುತ್ತಿತ್ತು. ಮನೆಗೆ ಒಂದು ಸಮರ್ಪಕ ವರದಿಯನ್ನು ಒಯ್ಯುವುದೇ ತಮ್ಮ ಪ್ರಾಯಶ್ಚಿತ್ತವೆಂದು ನಿರ್ಧರಿಸಿ, ಅವರು ದಾರಿಯ ಪ್ರತಿಯೊಂದು ಫಲಕದ ಮುಂದೆಯೂ ನಿಂತು ಅದನ್ನು ಕಡೆಯ ಸಾಲಿನವರೆಗೆ ಓದಿದರು.

ಸಂಜೆ ನಾಲ್ಕೂವರೆಗೆ ಮನೆಗೆ ಬಂದವರೇ, ಕೈಕಾಲು ತೊಳೆದು, ವಾರಿಜಾಕ್ಷಿಯವರ ಎದುರಿಗೆ ಕುರ್ಚಿ ಹಾಕಿ ಕುಳಿತರು. ಆಕೆಯ ಬಲಗಾಲು ದಿಂಬಿನ ಮೇಲಿತ್ತು, ಅದಕ್ಕೆ ಹರಿಣಿಯ ಹೊಸ ಪಟ್ಟಿ ಅಂಟಿತ್ತು.

“ಹೇಳಿ,” ಎಂದರು ವಾರಿಜಾಕ್ಷಿ.

“ಸಾವಿರದ ಒಂಬೈನೂರ ಹನ್ನೆರಡರಲ್ಲಿ ಜಪಾನಿನವರು ಮೂರು ಸಾವಿರದ ಇಪ್ಪತ್ತು ಗಿಡಗಳನ್ನು ಕಾಣಿಕೆ ಕೊಟ್ಟರು. ಅದಕ್ಕೆ ಎರಡು ವರ್ಷ ಮೊದಲು ಕಳಿಸಿದ್ದವುಗಳಿಗೆ ಹುಳು ಹತ್ತಿತ್ತು, ಸುಟ್ಟುಹಾಕಿದರು. ಒಂದು ಕಡೆ ದಡದ ಗೋಡೆಯ ದುರಸ್ತಿ ನಡೆದಿದೆ, ಬೇಲಿ ಹಾಕಿದ್ದಾರೆ. ಸುತ್ತಳತೆ ಎರಡು ದಶಾಂಶ ಒಂದು ಮೈಲಿ ಎನ್ನುತ್ತಾರೆ. ಬೇಲಿಯನ್ನು ಬಳಸಿ ಹೋಗಬೇಕಾದ್ದರಿಂದ ನನ್ನ ಪ್ರಕಾರ ಇನ್ನೂ ಹೆಚ್ಚು.”

“ಹೂವು ಹೇಗಿತ್ತು?”

ಶಾಂತಾರಾಮರು ಬಾಯಿ ತೆರೆದರು. “ಚೆನ್ನಾಗಿತ್ತು.”

“ಚೆನ್ನಾಗಿತ್ತು ಎಂದರೆ?”

“ತುಂಬ ಇತ್ತು. ಬಿಳಿ. ಸ್ವಲ್ಪ ಗುಲಾಬಿ.”

“ಬಿಳಿಯಾ, ಗುಲಾಬಿಯಾ?”

ಆ ಪ್ರಶ್ನೆಗೆ ಅವರು ಕಣ್ಣು ಮುಚ್ಚಿ ಯೋಚಿಸಿದರು. ಫಲಕಗಳು ಒಂದೊಂದಾಗಿ ಸ್ಪಷ್ಟವಾಗಿ ಕಂಡವು. ಸಿದ್ದೇಶ್ವರಿಯವರ ಚಿತ್ರಾನ್ನದ ಡಬ್ಬಿ ಕಂಡಿತು. ಹೂವು ಮಾತ್ರ ಎಲ್ಲದರ ಹಿಂದೆ ಮಸುಕಾಗಿ, ಯಾರದೋ ಮದುವೆಯ ಚಪ್ಪರದಂತೆ ಇತ್ತು.

“ಎಸಳು ನೀರಿಗೆ ಬೀಳುತ್ತದಂತಲ್ಲ, ಬೀಳುತ್ತಿತ್ತಾ?” ಎಂದು ವಾರಿಜಾಕ್ಷಿಯವರು ಮೆಲ್ಲನೆ ಕೇಳಿದರು.

“ಬೀಳುತ್ತಿದ್ದಿರಬೇಕು.”

“ನೀವು ನೋಡ್ಲಿಲ್ಲ.”

“ಇಲ್ಲ,” ಎಂದರು ಶಾಂತಾರಾಮರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಇದ್ದಿದ್ದರೆ ಆ ದಿನ ಎಷ್ಟೋ ಉಪಯೋಗವಾಗುತ್ತಿತ್ತು.

ವಾರಿಜಾಕ್ಷಿಯವರು ಕಿಟಕಿಯ ಕಡೆ ತಿರುಗಿದರು. ಅತ್ತುಬಿಟ್ಟರೆ ಎಂದು ಶಾಂತಾರಾಮರಿಗೆ ಭಯವಾಯಿತು. ಆಕೆ ತಿರುಗಿದಾಗ ಕಣ್ಣು ಒಣಗಿತ್ತು, ಧ್ವನಿ ಮಾತ್ರ ತರಗತಿಯಲ್ಲಿ ಹೋಂವರ್ಕ್ ವಾಪಸು ಕೊಡುವ ಟೀಚರಮ್ಮನದು.

“ನಾಳೆ ಪುನಃ ಹೋಗಿ.”

“ನಾಳೆಯಾ? ವಾರಿಜಾ, ನನ್ನ ಮೊಣಕಾಲು ನೋಯುತ್ತಿದೆ. ಈ ದಿನ ಒಟ್ಟು ಹದಿನಾಲ್ಕು ಸಾವಿರ ಹೆಜ್ಜೆ.”

“ಸುತ್ತು ಹಾಕುದು ಬೇಡ. ಒಂದೇ ಮರ ಸಾಕು. ಅದರ ಅಡಿಯಲ್ಲಿ ನಿಂತುಕೊಳ್ಳಿ. ಬೋರ್ಡು ಓದ್ಬೇಡಿ, ಯಾರ ಹತ್ರವೂ ಮಾತಾಡ್ಬೇಡಿ. ಒಂದು ಗಂಟೆ ಮೇಲೆ ನೋಡ್ತಾ ನಿಂತು, ಮತ್ತೆ ಬನ್ನಿ.”

“ಒಂದು ಗಂಟೆ ಸುಮ್ಮನೆ ಮೇಲೆ ನೋಡುತ್ತ ನಿಂತರೆ ಜನ ಏನೆಂದುಕೊಳ್ಳುತ್ತಾರೆ?”

“ಹೆಂಡತಿ ಕಳಿಸಿದ್ದಾಳೆ ಅಂತ ಹೇಳಿ.”

ಶಾಂತಾರಾಮರು ದಿಂಬಿನ ಮೇಲಿದ್ದ ಹಿಮ್ಮಡಿಯನ್ನು ನೋಡಿದರು. ಹೊಸ ಪಟ್ಟಿಯ ನಡುವೆ ಬಿಳಿಯ ಉಬ್ಬು ಏಳುತ್ತಿತ್ತು, ಅಂಚಿನಲ್ಲಿ ಹಳದಿಯೂ ಇತ್ತು. ಈ ಸಲ ಅವರು ಟಾರ್ಚ್ ತರಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಅಡುಗೆಮನೆಯ ಬಾಗಿಲಿಗೆ ಹೋಗಿ, ನಾಳೆ ಗ್ರೀನ್‌ಬೆಲ್ಟ್‌ನಿಂದ ಮೊದಲ ಮೆಟ್ರೋ ಎಷ್ಟು ಗಂಟೆಗೆ ಎಂದು ಅಳಿಯನನ್ನು ಕೇಳಿದರು.